ಮೃತ್ಯುಂಜಯ ಒಂದು ಕಡೆ ಕೂತದ್ದು

ಕಡೂರಿನ ಶಾಮಿಯಾನದ ಮೃತ್ಯುಂಜಯ ಕೂತಿದ್ದನ್ನು ಕಂಡವರು ಊರಿನಲ್ಲಿ ಯಾರೂ ಇಲ್ಲ. ಅವನ ಅಂಗಡಿಯಲ್ಲಿ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಪೇರಿಸಿ ಮಾಡು ಮುಟ್ಟಿವೆ. ಮೂರು ತಾಲ್ಲೂಕಿನ ಬೀಗರು ಅವುಗಳಲ್ಲಿ ಕೂತು, ಉಂಡು, ಊಟ ಚೆನ್ನಾಗಿರಲಿಲ್ಲ ಎಂದು ಹೇಳಿ ಎದ್ದು ಹೋಗಿದ್ದಾರೆ. ಮಾಲೀಕ ಮಾತ್ರ ಒಂದರಲ್ಲೂ ಕೂತಿಲ್ಲ. ಫೋನ್ ಬಂದರೆ ಮಾತಾಡುತ್ತಾ ಅಂಗಡಿ ಬಿಟ್ಟು ಹೊರಡುತ್ತಾನೆ. ಮಾತು ಮುಗಿಯುವ ಹೊತ್ತಿಗೆ ರೈಲ್ವೆ ಸ್ಟೇಷನ್ ಹತ್ತಿರ ಇರುತ್ತಾನೆ. ಅಲ್ಲಿಂದ ಇನ್ನೊಬ್ಬರಿಗೆ ಫೋನ್ ಹಚ್ಚಿಕೊಂಡು ವಾಪಸ್ ಬರುತ್ತಾನೆ. ಊಟಕ್ಕೆ ಕೂತರೆ ಸಾರಿಗೂ ಮಜ್ಜಿಗೆಗೂ ನಡುವೆ ಎದ್ದು ಹೋಗಿ ಗೇಟು ಹಾಕಿದೆಯೇ ಎಂದು ನೋಡಿ ಬರಬೇಕು. ಲಿಂಗಪೂಜೆಗೆ ಕೂತಾಗಲೂ ಒಂದು ಮೊಣಕಾಲು ತನ್ನಷ್ಟಕ್ಕೆ ತಾನು ಕುಣಿಯುತ್ತಿರುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಕೋಮಲಾ ಫೋಟೋ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದಳಂತೆ. ಇವತ್ತಿಗೂ ಆ ಫೋಟೋ ಗೋಡೆಯ ಮೇಲಿದೆ. ಕೋಮಲಾ ಸ್ಪಷ್ಟವಾಗಿದ್ದಾಳೆ, ಪಕ್ಕದಲ್ಲಿ ಒಂದು ಬಿಳಿ ಅಂಗಿ ಗಾಳಿಗೆ ಹಾರಿದಂತೆ ಕಾಣುತ್ತದೆ.

ಇಂಥ ಮನುಷ್ಯ ವರ್ಷಕ್ಕೊಂದು ಸಂಜೆ ಮುಕ್ಕಾಲು ಗಂಟೆ ಹೊತ್ತು ನೆಟ್ಟಗೆ, ರೆಪ್ಪೆಯೂ ಅದುರದ ಹಾಗೆ ಕೂತಿರುತ್ತಾನೆ ಎಂದರೆ ನಂಬುವುದು ಕಷ್ಟ. ನಂಬದವರನ್ನು ಅವನೇ ತನ್ನ ಲಗೇಜ್ ಗಾಡಿಯಲ್ಲಿ ಹತ್ತಿಸಿಕೊಂಡು ಹೋಗಿ ತೋರಿಸಿದ್ದಾನೆ. ಅವನು ಹಾಗೆ ಕೂರುವುದು ಹೆಣವಾಗಿ.

ಅಜ್ಜಂಪುರದಿಂದ ಸ್ವಲ್ಪ ಆಚೆ ಹೊನ್ನಕೆರೆ ಎಂಬ ಊರು. ನಾಟಕಕಾರ ರುದ್ರಯ್ಯನವರು ಹುಟ್ಟಿ, ಬರೆದು, ತೀರಿಕೊಂಡ ಮಾಳಿಗೆ ಮನೆ ಅಲ್ಲಿದೆ. ರುದ್ರಯ್ಯನವರು ಬದುಕಿದ್ದಾಗ ಊರಿನ ಅರ್ಧ ಜನರ ಮೇಲೆ ನಾಟಕ ಬರೆದಿದ್ದರು. ಆ ಅರ್ಧ ಜನ ಅವರ ಜೊತೆ ಮಾತು ಬಿಟ್ಟಿದ್ದರು. ಅವರು ತೀರಿಕೊಂಡು, ದೊಡ್ಡ ಹೆಸರು ಬಂದ ಮೇಲೆ, ಮಾತು ಬಿಟ್ಟವರ ಮಕ್ಕಳೇ ಸೇರಿ ಟ್ರಸ್ಟ್ ಮಾಡಿ ಮನೆಯನ್ನು ಇದ್ದ ಹಾಗೇ ಉಳಿಸಿಕೊಂಡರು. 'ಆ ಜಿಪುಣನ ಪಾತ್ರ ಇದೆಯಲ್ಲ, ಅದು ನಮ್ಮಪ್ಪನ ಮೇಲೆ ಬರೆದದ್ದು' ಎಂದು ಹೇಳಿಕೊಳ್ಳುವುದಕ್ಕೆ ಈಗ ಎರಡು ಮನೆಗಳ ನಡುವೆ ಪೈಪೋಟಿ ಇದೆ. ಒಳಗೆ ರುದ್ರಯ್ಯನವರ ಕನ್ನಡಕ, ಛತ್ರಿ, ಎಲೆಅಡಿಕೆ ತಟ್ಟೆ, ಒಂದು ಕಾಲು ಕುಂಟುವ ಬರೆಯುವ ಮೇಜು. ಎಲ್ಲದರ ಮುಂದೂ 'ಮುಟ್ಟಬೇಡಿ' ಎಂಬ ಚೀಟಿ. ಮನೆ ನೋಡಿಕೊಳ್ಳುವ ಈಶ್ವರಮ್ಮ ದಿನಾ ಬೆಳಿಗ್ಗೆ ಎಲ್ಲವನ್ನೂ ಮುಟ್ಟಿ ಒರೆಸುತ್ತಾಳೆ. ಕೇಳಿದರೆ, "ಚೀಟಿ ಬರ್ದಿರೋದು ನಿಮ್ಗೆ ಕಣ್ರೀ, ಧೂಳಿಗಲ್ಲ" ಎನ್ನುತ್ತಾಳೆ.

ಸಂಕ್ರಾಂತಿ ಕಳೆದ ಮೇಲೆ ಆ ಮನೆಯಲ್ಲಿ ಮೂರು ದಿನ ನಾಟಕೋತ್ಸವ. ತೊಟ್ಟಿಯಂಗಳದಲ್ಲಿ ಜನ, ಪಡಸಾಲೆಯೇ ರಂಗ. ಎರಡು ದಿನ ಹೊರಗಿನ ತಂಡಗಳು ಬರುತ್ತವೆ. ಮೊದಲನೆಯ ಸಂಜೆ ಮಾತ್ರ ಯಾವಾಗಲೂ ಸ್ಥಳೀಯರಿಂದ ರುದ್ರಯ್ಯನವರ 'ದೊಡ್ಡವರು ಕೂತಿದ್ದಾರೆ'. ಆ ನಾಟಕ ಹುಟ್ಟಿದ್ದು ಆ ಪಡಸಾಲೆಯಲ್ಲೇ ಎಂದು ಹೇಳುತ್ತಾರೆ.

ಈ ಸೀಮೆಯ ಲಿಂಗಾಯತರ ಮನೆಗಳಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಧರಿಸಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬಂದವರು ಮುಖ ನೋಡಿ ಹೋಗುತ್ತಾರೆ. ನಾಟಕದಲ್ಲಿ ಹಾಗೆ ಮನೆಯ ಯಜಮಾನ ಕೂತಿದ್ದಾನೆ. ಜಮೀನು ಮೂರು ಭಾಗ ಆಗಿ, ಮೂರು ಮಕ್ಕಳ ಹೆಸರಿಗೆ ಖಾತೆಯೂ ಆಗಿದೆ. ಅಪ್ಪನನ್ನು ಯಾರ ಪಾಲಿನ ಹೊಲದಲ್ಲಿ ಮಣ್ಣು ಮಾಡಬೇಕು ಎಂಬುದೇ ಜಗಳ. ಅಪ್ಪನ ಮೇಲೆ ಮೂವರಿಗೂ ಪ್ರೀತಿ. ಆದರೆ ಮೂವರಿಗೂ ಅಪ್ಪ ಬೇರೆಯವನ ಹೊಲದಲ್ಲಿ ಇದ್ದರೆ ಚೆನ್ನ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಮನೆಗೆ ಹೋಗುವಾಗ ಸುಮ್ಮನಾಗುತ್ತಾರೆ. ಇಷ್ಟರ ನಡುವೆ ಯಜಮಾನ ಜನರಿಗೆ ಎದುರಾಗಿ ಕೂತೇ ಇರಬೇಕು. ಬೇರೆ ನಾಟಕಗಳ ಹೆಣಗಳಿಗೆ ಇರುವ, ಮಲಗಿ ಒಂದು ನಿದ್ದೆ ತೆಗೆಯುವ ಅನುಕೂಲ ಈ ಹೆಣಕ್ಕೆ ಇಲ್ಲ.

ಮೃತ್ಯುಂಜಯ ಅಲ್ಲಿಗೆ ಮೊದಲು ಹೋದದ್ದು ತೊಟ್ಟಿಯ ಮೇಲೆ ಶಾಮಿಯಾನ ಕಟ್ಟುವುದಕ್ಕೆ. ಆ ವರ್ಷ ಹೆಣಕ್ಕೆಂದು ಗೊತ್ತು ಮಾಡಿದ್ದ ತರೀಕೆರೆಯ ಒಬ್ಬರು, ತಮ್ಮ ಅತ್ತೆ ಬೈದರೆಂದು ಮಧ್ಯಾಹ್ನವೇ ಬಸ್ಸು ಹತ್ತಿಬಿಟ್ಟಿದ್ದರು. ಉತ್ಸವದ ಕಾರ್ಯದರ್ಶಿ, ನಿರ್ದೇಶಕ, ಸ್ವಾಗತ ಭಾಷಣ, ವಂದನಾರ್ಪಣೆ ಎಲ್ಲವೂ ತಾವೇ ಆದ ಓಂಕಾರಮೂರ್ತಿ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತುಕೊಂಡು ಆಕಾಶ ನೋಡಿದರು. ಆಕಾಶದ ಬದಲು ಏಣಿಯ ಮೇಲೆ ಹಗ್ಗ ಬಿಗಿಯುತ್ತಿದ್ದ ಮೃತ್ಯುಂಜಯ ಕಂಡ.

"ಏನಪ್ಪಾ, ಇಳಿ ಕೆಳಗೆ. ನಿನ್ ಹೆಸ್ರೇನು?"

"ಮೃತ್ಯುಂಜಯ, ಸಾರ್."

ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. "ಇರ್ಲಿ ಬಿಡು," ಅಂದರು. "ಸುಮ್ನೆ ಕೂತಿರೋಕೆ ಬತ್ತದಾ?"

"ಅದೊಂದ್ ಬಿಟ್ಟು ಇನ್ನೇನ್ ಬೇಕಾದ್ರೂ ಹೇಳಿ ಸಾರ್."

ಆದರೆ ಆ ಸಂಜೆ ಅವನು ಕೂತ. ಕೂತವನಿಗೆ ಒಂದು ಸೋಜಿಗ ಕಾದಿತ್ತು. ಅವನ ಆಯುಷ್ಯದಲ್ಲಿ ಮೊದಲ ಸಲ ಯಾರೂ ಅವನಿಗೆ ಏನೂ ಹೇಳುವಂತಿರಲಿಲ್ಲ. ತಪ್ಪಲೆ ಕಡಿಮೆ ಬಂತು ಎನ್ನುವಂತಿಲ್ಲ, ಜನರೇಟರ್ ಕೆಟ್ಟಿತು ಎನ್ನುವಂತಿಲ್ಲ. ಫೋನ್ ಮಾಡಿದರೂ ಹೆಣ ಎತ್ತುವಂತಿಲ್ಲ. ಸುತ್ತ ಜನ ಕಿರುಚಾಡುತ್ತಿದ್ದಾರೆ. ತಾನು ಮಾತ್ರ ಯಾವುದಕ್ಕೂ ಜವಾಬ್ದಾರನಲ್ಲ. ಎದ್ದಾಗ ಒಂದು ವಾರ ಕೆಮ್ಮಣ್ಣುಗುಂಡಿಯಲ್ಲಿ ಇದ್ದು ಬಂದಷ್ಟು ಹಗುರಾಗಿದ್ದ. ಮರುವರ್ಷ ಮೇಷ್ಟ್ರು ಕರೆಯುವ ಮೊದಲೇ ಅವನೇ ಫೋನ್ ಮಾಡಿದ. ಆಮೇಲೆ ಆ ಜಾಗ ಅವನದೇ ಆಯಿತು. ಅದಕ್ಕೆ ಪೈಪೋಟಿ ಮಾಡುವವರೂ ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು.

ವರ್ಷ ಕಳೆದಂತೆ ಅವನಲ್ಲಿ ಕಲಾವಿದ ಎದ್ದು ಕೂತ. ಹೆಣದ ಉಸಿರಾಟದ ಬಗ್ಗೆ ಅವನಿಗೆ ಒಂದು ಸಿದ್ಧಾಂತವೇ ಬೆಳೆಯಿತು. ಉಸಿರನ್ನು ಹೊಟ್ಟೆಗೆ ಇಳಿಯಬಿಡದೆ, ಗಂಟಲ ಕೆಳಗೇ ಒಂದು ಸುತ್ತು ತಿರುಗಿಸಿ, ಬಂದ ದಾರಿಯಲ್ಲೇ ವಾಪಸ್ ಕಳಿಸಬೇಕು. "ಹತ್ರದಿಂದ ನೋಡಿದ್ರೂ ಗೊತ್ತಾಗಲ್ಲ ಕಣ್ರೀ" ಎಂದು ಮದುವೆ ಮನೆಗಳಲ್ಲಿ ಬೀಗರನ್ನು ನಿಲ್ಲಿಸಿಕೊಂಡು ಮಾಡಿ ತೋರಿಸುತ್ತಿದ್ದ. ನೋಡಿದವರು ತಲೆದೂಗುತ್ತಿದ್ದರು. ಒಂದು ಸ್ಥಳೀಯ ಪತ್ರಿಕೆ, 'ಶವದ ಪಾತ್ರಕ್ಕೆ ಜೀವ ತುಂಬಿದ ಕಡೂರಿನ ಕಲಾವಿದ' ಎಂದು ಬರೆದಿತ್ತು. ಅದನ್ನು ಅವನು ಅಂಗಡಿಯಲ್ಲಿ ಕಟ್ಟು ಹಾಕಿಸಿ ಇಟ್ಟಿದ್ದಾನೆ. ಅಂಗಡಿಯಲ್ಲಿ ಮಾತ್ರ, ಮನೆಯಲ್ಲಿ ಇಡುವಂತಿರಲಿಲ್ಲ. ಮನೆಯಲ್ಲಿ ಅವ್ವ ಇದ್ದಳು.

ಅವನ ತಾಯಿ ವಿಶಾಲಾಕ್ಷಮ್ಮನಿಗೆ ಅವನಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಹುಟ್ಟಿದಾಗ ಮಠಕ್ಕೆ ಹೋಗಿ, ಅಯ್ಯನವರ ಕಾಲಿಗೆ ಬಿದ್ದು, ಸಾವನ್ನೇ ಗೆದ್ದ ಹೆಸರು ಬೇಕೆಂದು ಕೇಳಿ ಇಡಿಸಿಕೊಂಡು ಬಂದಳು. ಹೆಸರಿಟ್ಟ ಮೇಲೂ ಅವಳಿಗೆ ಪೂರ್ತಿ ಧೈರ್ಯ ಬರಲಿಲ್ಲ. ಆ ಮನೆಯಲ್ಲಿ ಸಾವಿನ ಮಾತು ತಮಾಷೆಗೂ ಬರುವಂತಿಲ್ಲ. ನಾವೆಲ್ಲ ದಿನಕ್ಕೆ ಹತ್ತು ಸಲ ಸಾಯುವವರು: ಚಳಿಗೆ ಸತ್ತೆ, ಕೆಲಸ ಮಾಡಿ ಮಾಡಿ ಸತ್ತೆ, ಬಸ್ಸು ಕಾದು ಸತ್ತೆ. ಆ ಮನೆಯಲ್ಲಿ ಯಾರ ಬಾಯಿಂದಾದರೂ ಹಾಗೆ ಬಂದರೆ ಒಳಗಿನಿಂದ ವಿಶಾಲಾಕ್ಷಮ್ಮನ ದನಿ ಹೊರಡುತ್ತಿತ್ತು: "ಬಿಡ್ತು ಅನ್ನು!" ಅನ್ನುವವರೆಗೆ ಬಿಡುತ್ತಿರಲಿಲ್ಲ. ಒಮ್ಮೆ ಇನ್ಶೂರೆನ್ಸ್ ಏಜೆಂಟ್ ಒಬ್ಬ ಬಂದು ತನ್ನ ವಿವರಣೆ ಶುರು ಮಾಡಿ, ವಾಕ್ಯಕ್ಕೊಂದು ಸಲ ಬಿಡ್ತು ಅಂದು ಅಂದು, ಕೊನೆಗೆ ಕಾಫಿಯನ್ನೂ ಬಿಟ್ಟು ಹೋದ.

ಇಂಥ ತಾಯಿಗೆ, ನಿನ್ನ ಮಗ ವರ್ಷಾ ವರ್ಷಾ ವಿಭೂತಿ ಬಳಿದುಕೊಂಡು ಹೆಣವಾಗಿ ಕೂರುತ್ತಾನೆ ಎಂದು ಹೇಳುವುದು ಹೇಗೆ? ಮೊದಲ ವರ್ಷ ಅವಳು ಕೇಳಿದಾಗ ಮೃತ್ಯುಂಜಯ, "ಮನೆ ಯಜಮಾನನ ಪಾರ್ಟು ಅವ್ವಾ. ಇಡೀ ನಾಟಕ ನನ್ ಮೇಲೇ ನಡೀತದೆ" ಎಂದಿದ್ದ. ಒಂದು ಅಕ್ಷರವೂ ಸುಳ್ಳಲ್ಲ. ಅವಳು ಅದನ್ನು ಬೀದಿಯಲ್ಲೆಲ್ಲ ಹೇಳಿದಳು. ಗೊತ್ತಿದ್ದ ಬೀದಿ, ಪಾಪ, ಬಾಯಿ ಬಿಡಲಿಲ್ಲ. ನಾಟಕ ನೋಡಲು ಬರುವ ಮಾತು ಏಳಲಿಲ್ಲ, ಯಾಕೆಂದರೆ ಅವಳಿಗೆ ಎರಡು ಕಣ್ಣಿಗೂ ಪೊರೆ ಬಂದು, ಎದುರಿಗೆ ನಿಂತವರು ಮಗನೋ ಸೊಸೆಯೋ ಎಂಬುದನ್ನು ಬಳೆಯ ಸದ್ದಿನ ಮೇಲೆ ತೀರ್ಮಾನ ಮಾಡುತ್ತಿದ್ದಳು.

ಕಳೆದ ದೀಪಾವಳಿ ಹೊತ್ತಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಪೊರೆ ತೆಗೆಸಿದರು. ಪಟ್ಟಿ ಬಿಚ್ಚಿದಾಗ ವಿಶಾಲಾಕ್ಷಮ್ಮ ಕಣ್ಣು ಮಿಟುಕಿಸಿ, ಎದುರಿಗೆ ನಿಂತ ಮಗನನ್ನು ತಲೆಯಿಂದ ಕೆಳಗೆ ನೋಡುತ್ತಾ ಬಂದು ನಡುವಿನಲ್ಲಿ ನಿಂತಳು.

"ಏನೋ ಇದು, ಈ ಪಾಟಿ ಹೊಟ್ಟೆ?"

ಮನೆಗೆ ಬಂದ ಮೇಲೆ ಫ್ಯಾನಿನ ಮೇಲಿನ ಧೂಳು, ಕೋಮಲಾಳ ಸೀರೆಯ ಸಣ್ಣ ಹರಕು, ಪಕ್ಕದ ಮನೆಯವರು ಬಚ್ಚಿಟ್ಟುಕೊಂಡು ತಿನ್ನುತ್ತಿದ್ದ ಮೊಟ್ಟೆ ಕೇಕು, ಎಲ್ಲವೂ ಕಂಡಿತು. ಸಂಕ್ರಾಂತಿಯ ಎಳ್ಳುಬೆಲ್ಲ ಬೀರುತ್ತಾ ಅವಳು ಹೇಳಿದಳು:

"ಈ ವರ್ಷ ನಿನ್ ನಾಟ್ಕಕ್ಕೆ ನಾನೂ ಬತ್ತೀನಿ ಕಣೋ. ಕಣ್ಣು ಕೊಟ್ಟವ್ನೆ ಶಿವ, ನಿನ್ ಯಜಮಾನ್ಕೆ ಒಂದ್ಸಲ ನೋಡ್ಬಿಡ್ತೀನಿ."

ಮೃತ್ಯುಂಜಯ ಕಬ್ಬಿನ ತುಂಡು ಹಿಡಿದುಕೊಂಡೇ ಗೇಟು ನೋಡಲು ಎದ್ದು ಹೋದ.

ಅವಳಿಗೆ ಬಿ.ಪಿ. ಇತ್ತು, ಎದೆ ಬಡಿತದ ಮಾತ್ರೆ ಇತ್ತು. ಹಾರ ಹಾಕಿಸಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು, ಕಣ್ಣು ಮುಚ್ಚಿ ಕಂಬಕ್ಕೊರಗಿದ ಮಗನನ್ನು ಇದ್ದಕ್ಕಿದ್ದಂತೆ ಕಂಡರೆ ಆ ಮುದುಕಿಯ ಎದೆ ಏನಾಗಬೇಕು? ಬಾಯಿಗೆ ಬಂದ ಮಾತಿಗೇ ಬಿಡ್ತು ಅನ್ನಿಸುವವಳು, ಕಣ್ಣಾರೆ ಕಂಡದ್ದಕ್ಕೆ ಏನು ಅನ್ನಿಸಿಯಾಳು? ಎರಡು ದಿನ ಅವನು ಊಟದ ನಡುವೆ ಒಂದು ಸಲ ಏಳುವ ಬದಲು ಮೂರು ಸಲ ಎದ್ದ.

ಮೊದಲು ಮೇಷ್ಟ್ರ ಹತ್ತಿರ ಓಡಿದ. "ಸಾರ್, ಈ ವರ್ಷ ನನಗೆ ಜೀವ ಇರೋ ಪಾರ್ಟ್ ಕೊಡಿ. ಎರಡು ಮಾತಿದ್ರೆ ಸಾಕು."

"ಯಾರಪ್ಪಾ ಹೆಣ ಆಗೋರು?"

"ಸಿದ್ದಲಿಂಗೇಶನ್ನ ಒಪ್ಸಿದೀನಿ."

ಸಿದ್ದಲಿಂಗೇಶ್ ಅವನ ಜನರೇಟರ್ ನೋಡಿಕೊಳ್ಳುವವನು. ಒಪ್ಪಿದ್ದೇನೋ ನಿಜ. ಆದರೆ ಮಾರನೆಯ ದಿನ ಬೆಳಿಗ್ಗೆಯೇ ತಲೆ ಕೆರೆದುಕೊಂಡು ಬಂದು ನಿಂತ. "ಅಣ್ಣಾ, ನಮ್ಮನೆಯವ್ಳಿಗೆ ಈಗ ಐದು ತಿಂಗ್ಳು. ಹೆಣ ಎತ್ತೋಕೂ ಹೋಗ್ಬಾರ್ದು ಅಂತಾರೆ, ನಾನು ಹೆಣನೇ ಆಗ್ಬಿಟ್ರೆ..." ಇನ್ನಿಬ್ಬರು ಫೋನ್ ಎತ್ತಲಿಲ್ಲ. ಹೆಣವಾಗುವುದಕ್ಕೆ ಮೂರು ತಾಲ್ಲೂಕಿನಲ್ಲಿ ತನ್ನನ್ನು ಬಿಟ್ಟರೆ ಗತಿಯಿಲ್ಲ ಎಂದು ಮೃತ್ಯುಂಜಯನಿಗೆ ಆಗ ಗೊತ್ತಾಯಿತು. ಬೇರೆ ಯಾವಾಗಲಾದರೂ ಆಗಿದ್ದರೆ ಹೆಮ್ಮೆ ಪಡುತ್ತಿದ್ದ.

ಆಮೇಲೆ ಅವ್ವನಿಗೇ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಅಡುಗೆಮನೆಗೆ ಹೋದ. ವಿಶಾಲಾಕ್ಷಮ್ಮ ಅವರೆಕಾಯಿ ಬಿಡಿಸುತ್ತಾ, ಹೊಸ ಕಣ್ಣಿನ ಉತ್ಸಾಹದಲ್ಲಿ ಹುಳ ಹುಡುಕುತ್ತಿದ್ದಳು.

"ಅವ್ವಾ, ಆ ನಾಟ್ಕದಲ್ಲಿ ನಂದು..."

"ಮಾತು ಬಾಳ ಐತೇನೋ?"

"ಇಲ್ಲ ಅವ್ವಾ, ಮಾತು... ಕಮ್ಮಿ."

"ಯಜಮಾನ ಅಂದ್ಮೇಲೆ ಕಮ್ಮೀನೇ ಆಡ್ಬೇಕು. ನಿಮ್ಮಪ್ಪ ಎಲ್ಲಿ ಆಡ್ತಿದ್ರು?"

ಅವನು ಎರಡು ಅವರೆಕಾಯಿ ಬಿಡಿಸಿಕೊಟ್ಟು ಹೊರಗೆ ಬಂದ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಕೋಮಲಾ ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು.

"ನೀನಾದ್ರೂ ಹೇಳೇ," ಎಂದು ಗೋಗರೆದ.

"ಸಾಯೋರು ನೀವು, ಹೇಳೋಳು ನಾನಾ?"

"ಬಿಡ್ತು ಅನ್ನೇ!" ಎಂದವನೇ, ತನ್ನ ಬಾಯಿಂದ ಅವ್ವನ ದನಿ ಬಂದದ್ದು ಕೇಳಿ ಮೃತ್ಯುಂಜಯ ಬೆಚ್ಚಿಬಿದ್ದ. ಕೋಮಲಾ ಅವನ ಮುಖ ನೋಡಿ, ನಗು ಬಿಟ್ಟು, "ಅತ್ತೇನ ನಾನು ನೋಡ್ಕೊತೀನಿ. ನೀವು ಸುಮ್ನೆ ಕೂತ್ಕೊಳ್ಳಿ" ಅಂದಳು. ಸುಮ್ಮನೆ ಕೂತ್ಕೊಳ್ಳಿ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದವಳು. ಈ ಸಲ ಅದರಲ್ಲಿ ಬೈಗುಳ ಇರಲಿಲ್ಲ.

ಉತ್ಸವದ ದಿನ ಲಗೇಜ್ ಗಾಡಿಯ ಮುಂದಿನ ಸೀಟಿನಲ್ಲಿ ತಾಯಿ, ಕಿಟಕಿಯ ಪಕ್ಕ ಹೆಂಡತಿ. ಬೀರೂರು ದಾಟಿ ಅಜ್ಜಂಪುರದ ದಾರಿ ಹಿಡಿದ ಮೇಲೆ ವಿಶಾಲಾಕ್ಷಮ್ಮ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಹೋದಳು. ಗೊಬ್ಬರದ ಅಂಗಡಿ, ಸೇವಾ ಸಹಕಾರ ಸಂಘ, ಹಲ್ಲಿನ ಡಾಕ್ಟರು, ಯಾವುದನ್ನೂ ಬಿಡಲಿಲ್ಲ. ಮೃತ್ಯುಂಜಯ ಸ್ಟೇರಿಂಗ್ ಹಿಡಿದು, ತಾಯಿಯ ಮಾತ್ರೆ ಡಬ್ಬಿ ಚೀಲದಲ್ಲಿದೆಯೇ ಎಂದು ಹೆಂಡತಿಯನ್ನು ಮೂರು ಸಲ ಕೇಳಿದ. ಇನ್ನೊಂದು ವಿಷಯ ಕೇಳುವುದನ್ನು ಮರೆತ.

ಹೊನ್ನಕೆರೆಯಲ್ಲಿ ಮೇಷ್ಟ್ರು ಅವನಿಗೆ ಬಿಳಿ ಜುಬ್ಬ ತೊಡಿಸಿ, ಹಣೆಗೆ ವಿಭೂತಿ ಬಳಿದು, ಕಂಬಕ್ಕೆ ಒರಗಿಸಿ, ಕತ್ತು ವಾಲದಂತೆ ಹಿಂದಿನಿಂದ ಬಟ್ಟೆ ಕಟ್ಟಿ, "ಹಾರ ಎಲ್ಲಿ?" ಎಂದರು. ಪ್ರತಿ ವರ್ಷ ಕಡೂರಿನಿಂದ ತರುವ, ಕತ್ತಿನಿಂದ ಮಡಿಲವರೆಗೆ ಬರುವ, ತೋಳು ದಪ್ಪದ ಸೇವಂತಿಗೆ ಹಾರ. ಅದನ್ನು ಮನೆಯಿಂದ ತಂದು ಗಾಡಿಗೆ ಇಡುವುದು ಕೋಮಲಾಳ ಕೆಲಸ. ಕೋಮಲಾ ಬಾಗಿಲಲ್ಲಿ ನಿಂತು, "ಅಯ್ಯೋ, ಅತ್ತೇನ ಹತ್ಸೋ ಗಡಿಬಿಡೀಲಿ ಮರ್ತ್ಬಿಟ್ಟೆ ಸಾರ್" ಎಂದಳು. ಮೇಷ್ಟ್ರು ಹಲ್ಲು ಕಡಿದರು. ಕೊನೆಗೆ ಈಶ್ವರಮ್ಮ ರುದ್ರಯ್ಯನವರ ಫೋಟೋಗೆ ಹಾಕಿದ್ದ ಒಂದೆಳೆ ಹಾರವನ್ನೇ ತೆಗೆದು ಕೊಟ್ಟಳು. ಅದು ಎದೆ ಮುಟ್ಟಿ ಅಲ್ಲಿಗೇ ನಿಂತಿತು.

ಬೆಳಕು ಬಂತು. ಮೃತ್ಯುಂಜಯ ಕಣ್ಣು ಮುಚ್ಚಿದ್ದ. ಇನ್ನು ಮುಕ್ಕಾಲು ಗಂಟೆ ಅವನ ಪಾಲಿಗೆ ಇದ್ದದ್ದು ಕಿವಿ ಮಾತ್ರ.

ಮೊದಲ ಸಾಲಿನಲ್ಲಿ ಅವ್ವ ಕೂತಿದ್ದಾಳೆ ಎಂದು ಅವನಿಗೆ ಗೊತ್ತು. ಆ ಕುರ್ಚಿ ಹಾಕಿದವನೂ ಅವನೇ. ಬೆಳಕು ಬಿದ್ದ ಗಳಿಗೆಗೆ ಆ ಕಡೆಯಿಂದ ಒಂದು ಸದ್ದು ಬಂತು. ಯಾರೋ ಗಟ್ಟಿಯಾಗಿ ಉಸಿರು ಎಳೆದುಕೊಂಡ ಸದ್ದು. ಕುರ್ಚಿಯ ಕಾಲು ಕಲ್ಲು ಹಾಸಿನ ಮೇಲೆ ಕರ್ರೆಂದಿತು. ಅವ್ವ ಎದ್ದಳು. ಕಣ್ಣು ತೆರೆದುಬಿಡಲೇ? 'ಅವ್ವಾ, ಇದ್ದೀನಿ ಕಣವ್ವಾ' ಎಂದುಬಿಡಲೇ? ಹನ್ನೊಂದು ವರ್ಷದ ಕೀರ್ತಿ ಹೋದರೆ ಹೋಗಲಿ. ಗಂಟಲ ಕೆಳಗೆ ತಿರುಗಬೇಕಾದ ಉಸಿರು ದಾರಿ ತಪ್ಪಿ ಎಲ್ಲೆಲ್ಲೋ ಓಡಾಡಿತು. ರೆಪ್ಪೆ ಇನ್ನೇನು ಬಿಚ್ಚಬೇಕು, ಅಷ್ಟರಲ್ಲಿ ಕುರ್ಚಿ ಮತ್ತೆ ಕರ್ರೆಂದಿತು. ಅವ್ವ ಕೂತಳು.

ಆಮೇಲೆ ಏನೂ ಕೇಳಿಸಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು. ಕೂತಳೋ, ಕುಸಿದಳೋ? ಹಿರಿಮಗನ ಪಾತ್ರದ ರೇವಣಪ್ಪ, ಅಜ್ಜಂಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು, ಗಿರಣಿಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲಿನಲ್ಲಿ, "ನನ್ನ ಪಾಲಿಗೆ ಬಂದಿರೋದೇ ಕಲ್ಲು ಭೂಮಿ, ಅಲ್ಲಿ ಅಪ್ಪನಿಗೆ ಗುಂಡಿ ತೋಡೋಕಾಗುತ್ತಾ?" ಎಂದು ಅಬ್ಬರಿಸುತ್ತಿದ್ದ. ಜನ ನಗುತ್ತಿದ್ದರು. ಆ ನಗುವಿನಲ್ಲಿ ಅವ್ವನ ದನಿ ಇದೆಯೇ ಎಂದು ಮೃತ್ಯುಂಜಯ ಒಂದೊಂದೇ ನಗುವನ್ನು ಬೇರೆ ಮಾಡಿ ಹುಡುಕಿದ. ಸಿಗಲಿಲ್ಲ. ಯಾರೋ ಕೆಮ್ಮಿದರು, ಅವ್ವನ ಕೆಮ್ಮಲ್ಲ. ಬಳೆ ಸದ್ದಾಯಿತು, ಕೋಮಲಾಳದು. ಮಾತ್ರೆ ಡಬ್ಬಿ ತೆಗೆಯುತ್ತಿದ್ದಾಳೋ? ಹಿಂದಿನ ವರ್ಷಗಳಲ್ಲಿ ಕೆಮ್ಮಣ್ಣುಗುಂಡಿಯಾಗಿದ್ದ ಆ ಮುಕ್ಕಾಲು ಗಂಟೆ ಈ ವರ್ಷ ಮುಗಿಯುವ ಲಕ್ಷಣವೇ ಕಾಣಲಿಲ್ಲ.

ನಾಟಕದ ಕೊನೆಯ ಹತ್ತಿರ ಒಂದು ಜಾಗ ಬರುತ್ತದೆ. ಜಗಳವಾಡಿ ಸುಸ್ತಾದ ಮೂವರೂ ಮಕ್ಕಳು ಅಪ್ಪನ ಕಡೆ ತಿರುಗುತ್ತಾರೆ. ಕಿರಿಯವನು, "ಅಪ್ಪಾ, ನೀನೇ ಹೇಳಿಬಿಡು, ಎಲ್ಲಿರ್ತೀಯ?" ಎಂದು ಕೇಳುತ್ತಾನೆ. ಆಮೇಲೆ ಮೌನ. ಇಡೀ ಮನೆ ಹೆಣದ ಮುಖ ನೋಡುತ್ತಾ ಸುಮ್ಮನಾಗುತ್ತದೆ. ಈ ಮೌನ ಮೇಷ್ಟ್ರ ಜೀವಮಾನದ ಸಾಧನೆ. ಇದರಲ್ಲಿ ಯಾರಾದರೂ ಕುರುಕಲು ತಿಂದರೆ ಅವರನ್ನು ಮುಂದಿನ ವರ್ಷಕ್ಕೆ ಕರೆಯುವುದಿಲ್ಲ.

ಆ ಮೌನದಲ್ಲಿ ವಿಶಾಲಾಕ್ಷಮ್ಮನ ದನಿ ಕೇಳಿಸಿತು. ಅವಳು ಪಿಸುಗುಟ್ಟಿದ್ದೇ, ಆದರೆ ಕಣ್ಣಿನಷ್ಟು ಕಿವಿ ರಿಪೇರಿ ಆಗದವರ ಪಿಸುಮಾತು ಅದು, ತೊಟ್ಟಿಯ ನಾಲ್ಕು ಮೂಲೆಗೂ ಮುಟ್ಟಿತು.

"ಲೇ ಕೋಮಲಾ, ನೋಡೇ! ಹುಟ್ಟಿದಾಗ್ನಿಂದ ಇವ್ನು ಒಂದ್ ಕಡೆ ಕೂತಿರೋದು ಇದೇ ಮೊದ್ಲು ಕಣೇ! ನೆದರು ತಾಕ್ದಂಗೆ ಇರ್ಲಿ!"

ಹಿಂದಿನ ಸಾಲಿನಲ್ಲಿ ಕಡೂರಿನಿಂದ ಬಂದಿದ್ದ ಸಿದ್ದಲಿಂಗೇಶ್ ಫಕ್ಕನೆ ನಕ್ಕ. ಆ ನಗು ಸಾಲಿನಿಂದ ಸಾಲಿಗೆ ಇಳಿದು ಬಂತು. ಹೆಣ ತಡೆದುಕೊಳ್ಳಲು ನೋಡಿತು. ತುಟಿ ಕಚ್ಚಿತು. ಆದರೆ ಸಂಕ್ರಾಂತಿಯಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಭಯವೆಲ್ಲ ಒಟ್ಟಿಗೆ ಸಡಿಲಾಗಿ, ನಗುವಾಗಿ ಹೊಟ್ಟೆಗೆ ಇಳಿಯಿತು. ಆ ಒಂದೆಳೆ ಹಾರ ಎದೆಯ ಮೇಲೆ ಗಡಗಡನೆ ಕುಣಿಯಿತು.

ಪಕ್ಕದ ಕೋಣೆಯ ಕತ್ತಲಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆದರೆ ರೇವಣಪ್ಪ ಗಿರಣಿ ನಡೆಸುವವನು. ಬೆಲ್ಟು ಕಳಚಿದಾಗ ಕೈಕಟ್ಟಿ ಕೂರುವವನಲ್ಲ. ನಾಟಕದಲ್ಲಿ ಎಲ್ಲೂ ಇಲ್ಲದ ಮಾತನ್ನು ಹಣೆ ಬಡಿದುಕೊಂಡು ಆಡಿದ:

"ನೋಡ್ರೋ, ನೋಡ್ರೋ! ನಮ್ ಬಾಳಾಟ ಕಂಡು ಸತ್ತ ಅಪ್ಪನೂ ನಗ್ತಾವ್ನೆ! ಬನ್ರೋ, ನನ್ ಹೊಲ್ದಲ್ಲೇ ಇಡಾಣ. ಅಲ್ಲೇ ನಗ್ತಾ ಇರ್ಲಿ!"

ಚಪ್ಪಾಳೆಗೆ ಮಾಳಿಗೆಯ ಮಣ್ಣು ಉದುರಿತು. ಮುಂದೆ ಇನ್ನೂ ಎರಡು ಪುಟ ನಾಟಕ ಇತ್ತು. ಅದನ್ನು ಯಾರೂ ಕೇಳಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇದೆ, ಈಶ್ವರಮ್ಮ ಮಾಡಿದ್ದು. ನಾಟಕ ಮುಗಿದ ಮೇಲೆ ಹೆಣವಾಗಿ ಕೂತವನು ಹಾಗೇ ಎದ್ದು ಹೊರಡುವಂತಿಲ್ಲ. ಅವಳು ಹೊಸ್ತಿಲ ಹೊರಗೆ ನಿಂತು ಅವನ ಹೆಸರು ಹಿಡಿದು ಕರೆಯಬೇಕು, ಅವನು ಒಳಗಿನಿಂದ 'ಓ' ಅನ್ನಬೇಕು, ಒಂದು ಲೋಟ ಮಜ್ಜಿಗೆ ಕುಡಿಯಬೇಕು, ಆಮೇಲೆ ಹೊಸ್ತಿಲು ದಾಟಬೇಕು. ಈ ವರ್ಷವೂ ಅವಳು ಲೋಟ ಹಿಡಿದು ಹೊಸ್ತಿಲಿಗೆ ಬಂದಳು. ಅಲ್ಲಿ ಆಗಲೇ ವಿಶಾಲಾಕ್ಷಮ್ಮ ನಿಂತಿದ್ದಳು. ಈಶ್ವರಮ್ಮ ಲೋಟವನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು.

"ಮೃತ್ಯುಂಜಯಾ!"

"ಓ, ಅವ್ವಾ!" ಎಂದ ಅವನು. ಓಡಿಬರಲು ಹೋದರೆ ಕತ್ತಿನ ಬಟ್ಟೆ ಇನ್ನೂ ಕಂಬಕ್ಕೆ ಕಟ್ಟಿತ್ತು. ಮೇಷ್ಟ್ರು ಬಿಚ್ಚುವಷ್ಟರಲ್ಲಿ ಎರಡು ಸಲ ಎಳೆದಾಡಿದ. ಬಂದವನು ತಾಯಿಯ ಮುಖ ನೋಡಲಾರದೆ ಮಜ್ಜಿಗೆಯನ್ನೇ ನೋಡಿದ.

"ಯಜಮಾನನ ಪಾರ್ಟು ಅಂದಿದ್ಯಲ್ಲೋ?"

"ಯಜಮಾನನೇ ಅಲ್ವಾ ಅವ್ವಾ..."

"ಹ್ಞೂಂ. ಸುಳ್ಳೇನಲ್ಲ ಬಿಡು." ಅವಳು ಸೆರಗಿನಿಂದ ಅವನ ಹಣೆಯ ವಿಭೂತಿ ಒರೆಸತೊಡಗಿದಳು. "ದೀಪ ಹಾಕಿದ್ ತಕ್ಷಣ ಎದೆ ಧಸಕ್ ಅಂತು. ಎದ್ದು ಬಂದ್ಬಿಡಾಣ ಅಂತ ಕಾಲು ಮುಂದಿಟ್ಟೆ. ಆಗ ಕಾಣ್ತು."

"ಏನು ಅವ್ವಾ?"

"ನಿನ್ ಹೊಟ್ಟೆ ಕಣೋ. ಮ್ಯಾಕೆ ಬತ್ತದೆ, ಕೆಳಿಕ್ ಹೋಗ್ತದೆ. ಮ್ಯಾಕೆ ಬತ್ತದೆ, ಕೆಳಿಕ್ ಹೋಗ್ತದೆ. ನೀನು ಕೂಸಾಗಿದ್ದಾಗ್ಲೂ ತೊಟ್ಲ ಪಕ್ಕ ಕೂತ್ಕಂಡು ಅದನ್ನೇ ಅಲ್ವಾ ನಾನು ನೋಡ್ತಾ ಇದ್ದಿದ್ದು? ಆಡ್ತಾ ಐತೆ, ಇನ್ನೇನ್ ಭಯ ಅಂತ ಕೂತ್ಕಂಡು ನೆಮ್ಮದಿಯಾಗಿ ನಾಟ್ಕ ನೋಡ್ದೆ. ಆ ರೇವಣಪ್ಪ ಚೆನ್ನಾಗ್ ಮಾಡ್ತಾನೆ ಕಣೋ."

ಮೃತ್ಯುಂಜಯನ ಎದೆಯಿಂದ ಒಂದು ಮೂಟೆ ಇಳಿಯಿತು. ಇಳಿದ ಮೂಟೆಯ ಜಾಗದಲ್ಲಿ ಸಣ್ಣದೊಂದು ಮುಳ್ಳು ಚುಚ್ಚಿತು. ಮೇಷ್ಟ್ರ ಕಡೆ ತಿರುಗಿದ.

"ಸಾರ್, ನಿಜ ಹೇಳಿ. ನನ್ ಹೊಟ್ಟೆ ಆಡ್ತದಾ?"

ಬಟ್ಟೆ ಮಡಚುತ್ತಿದ್ದ ಮೇಷ್ಟ್ರು ತಲೆ ಎತ್ತಲಿಲ್ಲ. "ಪ್ರತಿ ವರ್ಷ ಆಡ್ತದಪ್ಪ. ಹಿಟ್ಟಿನ ಗಿರಣಿ ಹಂಗೆ ಆಡ್ತದೆ. ಅದಕ್ಕೇ ಅಲ್ವಾ ಅಷ್ಟು ದಪ್ಪದ ಹಾರ ಹಾಕ್ಸ್ತಾ ಇದ್ದಿದ್ದು!"

"ಒಬ್ರೂ ಹೇಳ್ಲಿಲ್ವಲ್ಲ ಸಾರ್ ಇಷ್ಟು ವರ್ಷ!"

"ಹೇಳಿ ನೀನೂ ಬಸ್ ಹತ್ಬಿಟ್ರೆ?"

ಮದುವೆ ಮನೆಗಳಲ್ಲಿ ತಾನು ನಿಲ್ಲಿಸಿಕೊಂಡು ಉಸಿರು ತಿರುಗಿಸಿ ತೋರಿಸಿದ ಬೀಗರ ಮುಖಗಳೆಲ್ಲ ಮೃತ್ಯುಂಜಯನ ಕಣ್ಣ ಮುಂದೆ ಹಾದುಹೋದವು. ಅವರು ಯಾಕೆ ತಲೆದೂಗುತ್ತಿದ್ದರು ಎಂಬುದು ಈಗ ಬೇರೆ ರೀತಿಯಲ್ಲಿ ಅರ್ಥವಾಯಿತು. ಹಾಗೇ ಇನ್ನೊಂದು ವಿಷಯವೂ ಹೊಳೆದು, ಗಾಡಿಯ ಹತ್ತಿರ ನಿಂತಿದ್ದ ಕೋಮಲಾಳ ಕಡೆ ನೋಡಿದ. ದಿನಸಿ ಅಂಗಡಿಗೆ ಚೀಟಿ ಇಲ್ಲದೆ ಹೋಗಿ ತಿಂಗಳ ಸಾಮಾನು ತರುವ ಹೆಂಗಸು ಅವಳು. ಅಂಥವಳು ತೋಳು ದಪ್ಪದ ಹಾರವನ್ನು ಮರೆಯುವುದೆಂದರೆ?

"ಹಾರ ನಿಜವಾಗ್ಲೂ ಮರ್ತ್ಯೇನೇ?"

"ಹೂಂ ಕಣ್ರೀ," ಎಂದಳು ಕೋಮಲಾ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಅವನಿಗಿಂತ ಅವಳೇ ಒಳ್ಳೆಯ ಹೆಣವಾಗುತ್ತಿದ್ದಳು. ಆ ಮಾತು ಬಾಯಿಯ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡು, ಮನಸ್ಸಿನಲ್ಲೇ ಬಿಡ್ತು ಅಂದುಕೊಂಡ.

ವಾಪಸ್ ಬರುವಾಗ ವಿಶಾಲಾಕ್ಷಮ್ಮ ಬೋರ್ಡು ಓದಲಿಲ್ಲ. ಸೊಸೆಯ ಭುಜಕ್ಕೆ ತಲೆ ಇಟ್ಟು ತೂಕಡಿಸುತ್ತಿದ್ದಳು. ಮೃತ್ಯುಂಜಯ ಗಾಡಿ ಓಡಿಸುತ್ತಾ, ಆಗಾಗ ಕಣ್ಣು ಹೊರಳಿಸಿ ಅವಳ ಸೆರಗು ಮೇಲೆ ಕೆಳಗೆ ಆಡುವುದನ್ನು ನೋಡುತ್ತಿದ್ದ. ಶಿವನಿ ದಾಟಿದ ಮೇಲೆ ಮೆಲ್ಲಗೆ ಹೇಳಿದ:

"ಮುಂದಿನ್ ವರ್ಷದಿಂದ ನಾನು ಕೂರಲ್ಲ ಕಣೇ. ಹೊಟ್ಟೆ ಆಡೋ ಹೆಣ ಇಟ್ಕೊಂಡು ಅವರೇನ್ ಮಾಡ್ತಾರೆ?"

ಕೋಮಲಾ ಬಾಯಿ ತೆರೆಯುವ ಮೊದಲೇ ನಡುವಿನಿಂದ, ಕಣ್ಣು ಮುಚ್ಚಿಕೊಂಡೇ, ವಿಶಾಲಾಕ್ಷಮ್ಮ ಅಂದಳು:

"ನೀನೇ ಕೂತ್ಕೋ. ಬ್ಯಾರೆ ಯಾವನಾದ್ರೂ ಬಂದು ಉಸ್ರು ಬಿಗಿ ಹಿಡ್ದು ಸರ್ಯಾಗ್ ಮಾಡ್ಬಿಟ್ರೆ, ಅವ್ರ ಅವ್ವನ ಗತಿ ಏನೋ?"